ಮರ ಹತ್ತದ ಹಕ್ಕಿಗೆ ಹೆಕ್ಟೇರಿಗೆ 1,111 ಗಿಡ

ಜೂನ್ ಬಂತೆಂದರೆ ಕಡೂರು, ಅಜ್ಜಂಪುರ, ಅರಸೀಕೆರೆ ಸೀಮೆಯಲ್ಲಿ ಎರಡು ಸದ್ದು ಕೇಳುತ್ತವೆ. ಒಂದು ಮುಂಗಾರಿನ ಗುಡುಗು. ಅದು ಗದರಿಸಿದ್ದಷ್ಟೇ, ಮಳೆಯನ್ನೆಲ್ಲ ಬಾಬಾಬುಡನ್‌ಗಿರಿಯ ಆಚೆ ಸುರಿದು ಈಚೆಗೆ ಬರೀ ಗಾಳಿ ಕಳಿಸುತ್ತದೆ. ಇನ್ನೊಂದು ಕಾವಲಿನಲ್ಲಿ, ಅಂದರೆ ದನ ಮೇಯುವ ಹುಲ್ಲುಬಯಲಿನಲ್ಲಿ, ಗುಂಡಿ ತೆಗೆಯುವ ಜೆಸಿಬಿಯದು. ಅದು ಮಾತ್ರ ಹೇಳಿದ ದಿನಕ್ಕೆ ತಪ್ಪದೆ ಬರುತ್ತದೆ. ಮಾರನೆಯ ದಿನ ಪೇಪರಿನ ಜಿಲ್ಲಾ ಪುಟದಲ್ಲಿ ಫೋಟೊ: ಒಂದು ಸಸಿ, ಅದನ್ನು ಹಿಡಿದುಕೊಂಡ ಹದಿನಾಲ್ಕು ಕೈ, ಹಿಂದೆ ಫ್ಲೆಕ್ಸು. ಕೆಳಗೆ ‘ಬರಡು ಕಾವಲಿಗೆ ಹಸಿರು ಹೊದಿಕೆ’ ಎಂಬ ಅರ್ಥದ ಒಂದು ಸಾಲು. ಸುದ್ದಿ ನೀವೂ ಓದಿದ್ದೀರಿ, ಲೈಕೂ ಒತ್ತಿರುತ್ತೀರಿ. ಗಿಡ ನೆಡುವವರನ್ನು ಬೈಯುವವನು ಊರಿನಲ್ಲಿ ಬದುಕಲು ಲಾಯಕ್ಕಾದವನಲ್ಲ ಎಂಬುದು ಗೊತ್ತಿದ್ದೇ ಈ ಅಂಕಣ ಬರೆಯಲಾಗುತ್ತಿದೆ.

‘ಬರಡು’ ಎಂದರಲ್ಲ, ಅಲ್ಲಿಂದ ಶುರು ಮಾಡೋಣ.

ನಮ್ಮ ಕಂದಾಯ ಇಲಾಖೆಗೆ ಹುಲ್ಲು ಕಾಣುವುದಿಲ್ಲ. ಇದು ದೃಷ್ಟಿದೋಷವಲ್ಲ, ಪದ್ಧತಿ. ಪಹಣಿ ತೆಗೆದು ನೋಡಿ. ಉಳುಮೆಗೆ ಬಾರದ್ದು ಎ ಖರಾಬು. ದಾರಿ, ಹಳ್ಳ, ಸ್ಮಶಾನ ಅಂತ ಸಾರ್ವಜನಿಕರಿಗೆ ಬಿಟ್ಟದ್ದು ಬಿ ಖರಾಬು. ಖರಾಬು ಅಂದರೆ ಕೆಟ್ಟದ್ದು. ಕಲ್ಲಿದ್ದರೂ ಖರಾಬು, ಹುಲ್ಲಿದ್ದರೂ ಖರಾಬು. ದೆಹಲಿಯವರು ಇದಕ್ಕೂ ಒಂದು ಕೈ ಮುಂದೆ. ಉಪಗ್ರಹದಿಂದ ಫೋಟೊ ತೆಗೆಸಿ, ಬಣ್ಣ ಹಚ್ಚಿಸಿ, ‘ಬಂಜರು ಭೂಮಿಯ ಅಟ್ಲಾಸ್’ ಎಂದೇ ಅಚ್ಚು ಹಾಕಿಸಿದರು. 2000ದಿಂದ ಈಚೆಗೆ ಹಲವು ಆವೃತ್ತಿ ಬಂದಿವೆ, 2019ರಲ್ಲೂ ಒಂದು. ಕುರುಚಲು ಬಯಲು, ಮೇಯುವ ಬಯಲು ಬಹುಪಾಲು ಅದರೊಳಗೇ ಸೇರಿಕೊಂಡಿವೆ. ಒಮ್ಮೆ ಬಂಜರು ಅಂತ ಬರೆದ ಮೇಲೆ ಅಲ್ಲಿ ಏನು ಮಾಡಿದರೂ ಉದ್ಧಾರವೇ. ಸೋಲಾರ್ ಹಾಕಿದರೆ ಉದ್ಧಾರ, ಲೇಔಟ್ ಮಾಡಿದರೆ ಉದ್ಧಾರ, ಏನೂ ತೋಚದಿದ್ದರೆ ಗಿಡ.

ಈಗ ಹಕ್ಕಿಗೆ ಬರೋಣ. ಎರೆಭೂತ. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ಕೆಲವರು ದೊರವಾಯನ ಹಕ್ಕಿ ಎನ್ನುತ್ತಾರೆ, ಎರ್ಲಡ್ಡು ಎಂಬ ಹೆಸರೂ ಉಂಟು. ಮೀಟರಿನಷ್ಟು ಎತ್ತರ. ಗಂಡು ಎಂಟರಿಂದ ಹದಿನೈದು ಕೆ.ಜಿ. ತನಕ ತೂಗುತ್ತದೆ, ಹೆಣ್ಣು ಅದರ ಅರ್ಧ. ಹಾರುವ ಹಕ್ಕಿಗಳಲ್ಲೇ ಅತಿ ಭಾರದವುಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಒಂದು ಕಾಲಕ್ಕೆ ಪಂಜಾಬಿನಿಂದ ತಮಿಳುನಾಡಿನ ತನಕ ಬಯಲು ಇದ್ದಲ್ಲೆಲ್ಲ ಇದು ಇತ್ತು. 1969ರಲ್ಲಿ ದೇಶದಲ್ಲಿ 1,260 ಇರಬಹುದು ಎಂದು ಅಂದಾಜು ಮಾಡಿದ್ದರು. 2018ರ ಹೊತ್ತಿಗೆ ನೂರೈವತ್ತರ ಆಸುಪಾಸು. ಅದರಲ್ಲಿ ಹೆಚ್ಚಿನವು ರಾಜಸ್ಥಾನದ ಜೈಸಲ್ಮೇರ್ ಕಡೆ. ಕರ್ನಾಟಕದ ಪಾಲಿಗೆ ಬಳ್ಳಾರಿಯ ಸಿರುಗುಪ್ಪ ಬಯಲಿನಲ್ಲಿ ಬೆರಳೆಣಿಕೆಯಷ್ಟು.

ಈ ಹಕ್ಕಿಯ ಕಾಲನ್ನು ನೋಡಬೇಕು. ಕಾಗೆ, ಗುಬ್ಬಿ, ಕೋಳಿ ಯಾವುದರ ಕಾಲು ನೋಡಿದರೂ ಮುಂದೆ ಮೂರು ಬೆರಳು, ಹಿಂದೆ ಒಂದು. ಆ ಹಿಂದಿನದು ರೆಂಬೆಯನ್ನು ಹಿಡಿಯಲಿಕ್ಕೆ. ಎರೆಭೂತದ ಕುಲಕ್ಕೇ ಆ ಬೆರಳಿಲ್ಲ. ಮೂರು ದಪ್ಪ ಬೆರಳು, ಮೂರೂ ಮುಂದಕ್ಕೆ, ನಡೆಯಲಿಕ್ಕೆ ಅಂತಲೇ ಮಾಡಿಸಿದ ಕಾಲು. ಅಂದರೆ ಈ ಹಕ್ಕಿ ಹುಟ್ಟಿನಿಂದ ಸಾವಿನ ತನಕ ಒಂದು ಸಲವೂ ಮರದ ಮೇಲೆ ಕೂರುವುದಿಲ್ಲ, ಕೂರಲು ಆಗುವುದೂ ಇಲ್ಲ. ನೆಲದಲ್ಲೇ ಮೇವು, ನೆಲದಲ್ಲೇ ನಿದ್ದೆ, ನೆಲದಲ್ಲೇ ಸಂಸಾರ. ಇಂಥ ಹಕ್ಕಿಯ ಬಯಲಿಗೆ ನಾವು ಪ್ರೀತಿಯಿಂದ ಕೊಟ್ಟ ಉಡುಗೊರೆ ಮರ. ಕುರುಡನಿಗೆ ಕನ್ನಡಿ ಕೊಟ್ಟವರೂ ಇಷ್ಟು ಫೋಟೊ ತೆಗೆಸಿಕೊಂಡಿರಲಿಕ್ಕಿಲ್ಲ.

ಲೆಕ್ಕ ಸರಳ. ಮೂರು ಮೀಟರಿಗೆ ಮೂರು ಮೀಟರ್ ಅಂತರ ಎಂದರೆ ಹೆಕ್ಟೇರಿಗೆ 1,111 ಗುಂಡಿ. ಎಕರೆಗೆ ನಾನೂರೈವತ್ತು. ಪ್ರತಿ ಗುಂಡಿ ಒಂದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಆಳ. ಎರೆಭೂತ ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಎರಡು ಮೀಟರಿಗೂ ಹೆಚ್ಚು. ಮೂರು ಮೀಟರಿನ ಓಣಿಯೊಳಗೆ ಅದು ಏಳುವುದು ಹೇಗೆ, ಇಳಿಯುವುದು ಹೇಗೆ? ಏಳುವುದಿಲ್ಲ, ಇಳಿಯುವುದೂ ಇಲ್ಲ. ಸುಮ್ಮನೆ ಬರುವುದನ್ನು ಬಿಡುತ್ತದೆ. ಅದಕ್ಕೆ ಬೇಕಾದದ್ದು ಕಣ್ಣು ಹಾಯುವಷ್ಟು ದೂರ ಏನೂ ಇಲ್ಲದ ಜಾಗ. ನರಿ ಬಂದರೆ, ನಾಯಿ ಬಂದರೆ ದೂರದಿಂದಲೇ ಕಾಣಬೇಕು. ಆ ‘ಏನೂ ಇಲ್ಲ’ ಎಂಬುದೇ ಅದರ ಮನೆ.

ಗುಂಡಿಯ ಕಥೆ ಇನ್ನೂ ಮುಗಿದಿಲ್ಲ. ಕಾವಲಿನ ಮಣ್ಣು ಅನೇಕ ಕಡೆ ಒಂದಡಿಯೂ ಇರುವುದಿಲ್ಲ, ಕೆಳಗೆ ಗರಸು. ಜೆಸಿಬಿ ಆ ಗರಸನ್ನು ಬಗೆದು ಮೇಲೆ ಹಾಕುತ್ತದೆ, ಮೇಲಿನ ಒಳ್ಳೆ ಮಣ್ಣು ಅಡಿಗೆ ಹೋಗುತ್ತದೆ. 8x12 ಇಂಚಿನ ಚೀಲದ ಸಸಿ ತಂದು ಇಡುತ್ತಾರೆ. ಅವಸರದಲ್ಲಿ ಕೆಲವನ್ನು ಪಾಲಿಥಿನ್ ಹರಿಯದೆಯೇ ಇಡುವುದುಂಟು. ಆಗ ಬೇರು ಚೀಲದೊಳಗೇ ಪ್ರದಕ್ಷಿಣೆ ಹಾಕುತ್ತದೆ. ಹರಿದು ಇಟ್ಟರೂ ಸುತ್ತ ಗಟ್ಟಿ ಗರಸು. ಗುಂಡಿ ಬಕೀಟಿನ ಹಾಗೆ ನೀರು ಹಿಡಿದು ಒಂದು ವಾರ ಬೇರು ಕೊಳೆಸುತ್ತದೆ, ಮುಂದಿನ ಮೂರು ವಾರ ಒಣಗಿಸುತ್ತದೆ. ವರ್ಷಕ್ಕೆ ಆರುನೂರು ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಕಡೂರಿನಲ್ಲಿ ಮೂಡಿಗೆರೆಯ ಕನಸು ಕಂಡರೆ ಹೀಗೇ ಆಗುವುದು. ಶಿವರಾತ್ರಿಯ ಹೊತ್ತಿಗೆ ಸಸಿ ಕಡ್ಡಿಯಾಗಿರುತ್ತದೆ. ಉಳಿಯುವುದು ಟ್ರೀ ಗಾರ್ಡ್.

ಟ್ರೀ ಗಾರ್ಡ್ ವ್ಯರ್ಥವಾಯಿತು ಅಂದುಕೊಳ್ಳಬೇಡಿ. ಅದರ ಮೇಲೆ ಕಾಗೆ ಬಂದು ಕೂರುತ್ತದೆ. ಬಯಲಿನಲ್ಲಿ ಕೂರಲು ಜಾಗವಿಲ್ಲದೆ ಹಾರಿ ಹಾರಿ ದಣಿಯುತ್ತಿದ್ದ ಕಾಗೆಗೆ ಸರ್ಕಾರಿ ವೆಚ್ಚದಲ್ಲಿ ಕುರ್ಚಿ. ಅಲ್ಲಿಂದ ನೋಡಿದರೆ ನೆಲದಲ್ಲಿ ಯಾರ ಮೊಟ್ಟೆ ಎಲ್ಲಿದೆ ಎಂಬುದು ಚೆನ್ನಾಗಿ ಕಾಣುತ್ತದೆ. ಟಿಟ್ಟಿಭ, ನೆಲಗುಬ್ಬಿ, ಗೌಜಲಹಕ್ಕಿ ಎಲ್ಲರದ್ದೂ. ಎರೆಭೂತ ಇರುವ ಸೀಮೆಯಾದರೆ ಅದರದ್ದೂ. ಅದು ಗೂಡು ಕಟ್ಟುವುದಿಲ್ಲ. ನೆಲವನ್ನು ಒಂದಿಷ್ಟು ಕೆದಕಿ ಒಂದೇ ಒಂದು ಮೊಟ್ಟೆ ಇಡುತ್ತದೆ, ವರ್ಷಕ್ಕೆ ಸಾಮಾನ್ಯವಾಗಿ ಅದೊಂದೇ. ತಾಯಿ ಒಬ್ಬಳೇ ಇಪ್ಪತ್ತೇಳು ದಿನದ ಹತ್ತಿರ ಕಾವು ಕೊಡಬೇಕು. ಅಪ್ಪನಿಗೆ ಈ ವ್ಯವಹಾರ ಗೊತ್ತೇ ಇಲ್ಲ. ಮರಿ ಮುಂದಿನ ವರ್ಷದ ತನಕ ತಾಯಿಯ ಬೆನ್ನು ಬಿಡುವುದಿಲ್ಲ. ಮೊಟ್ಟೆ ಇಡುವ ಕಾಲ ಯಾವುದು ಅಂತ ಕೇಳಿದಿರಾ? ಬೇಸಿಗೆಯ ಕೊನೆಯಿಂದ ಮಳೆಗಾಲ ಮುಗಿಯುವವರೆಗೆ. ಅಂದರೆ ಸರಿಯಾಗಿ ಪರಿಸರ ದಿನಾಚರಣೆ, ವನಮಹೋತ್ಸವ ಮತ್ತು ಜೆಸಿಬಿಯ ಕಾಲ.

ಇಲ್ಲಿ ಗಂಡಿನ ವಿಷಯ ಹೇಳದೆ ಬಿಟ್ಟರೆ ಅನ್ಯಾಯ. ಹೆಣ್ಣನ್ನು ಕರೆಯಬೇಕಾದರೆ ಗಂಡು ಎರೆಭೂತ ಸ್ವಲ್ಪ ಎತ್ತರದ ದಿಬ್ಬ ನೋಡಿಕೊಂಡು ನಿಲ್ಲುತ್ತದೆ, ಬಾಲ ಬೆನ್ನಿನ ಮೇಲಕ್ಕೆ ಎತ್ತುತ್ತದೆ, ಗಂಟಲಿನ ಚೀಲಕ್ಕೆ ಗಾಳಿ ತುಂಬಿ ಕಾಲಿನವರೆಗೆ ಜೋಲಾಡಿಸುತ್ತದೆ, ಆಮೇಲೆ ಅರ್ಧ ಕಿಲೋಮೀಟರ್ ದೂರಕ್ಕೆ ಕೇಳುವ ಹಾಗೆ ‘ಹೂಂ’ ಎನ್ನುತ್ತದೆ. ಮೈಕಿಲ್ಲ, ಶಾಮಿಯಾನವಿಲ್ಲ, ಹಾರ ತುರಾಯಿಯಿಲ್ಲ. ನಮ್ಮ ವೇದಿಕೆಗಳಲ್ಲಿ ಈ ಇಷ್ಟೂ ಕ್ರಮಗಳನ್ನು ನೋಡಿದವರು ಇದ್ದಾರೆ. ವ್ಯತ್ಯಾಸವೆಂದರೆ ಹಕ್ಕಿ ಒಂದೇ ಮಾತು ಹೇಳುತ್ತದೆ ಮತ್ತು ಹೇಳಿದ ಮೇಲೆ ಸುಮ್ಮನಾಗುತ್ತದೆ.

ಇದನ್ನು ರಾಷ್ಟ್ರಪಕ್ಷಿ ಮಾಡಬೇಕು ಅಂತ ಪಕ್ಷಿತಜ್ಞ ಸಲೀಂ ಅಲಿಯವರ ಇಚ್ಛೆಯಿತ್ತು. 1963ರಲ್ಲಿ ನವಿಲಿಗೆ ಹೋಯಿತು. ಇಂಗ್ಲಿಷಿನ ‘ಬಸ್ಟರ್ಡ್’ನಲ್ಲಿ ಒಂದಕ್ಷರ ಆಚೀಚೆಯಾದರೆ ಬೈಗುಳವಾಗುತ್ತದೆ, ಮಂತ್ರಿಗಳು ಭಾಷಣದಲ್ಲಿ ಎಡವಿಯಾರು ಎಂಬ ಅಂಜಿಕೆಯೂ ಕಾರಣ ಅಂತ ಹೇಳುತ್ತಾರೆ. ಈ ಕಥೆಯನ್ನು ಹಕ್ಕಿಯ ಬಗ್ಗೆ ಬರೆಯುವವರೆಲ್ಲ ನಗುತ್ತಾ ಬರೆಯುತ್ತಾರೆ. ಕನ್ನಡದಲ್ಲಿ ಆ ತೊಂದರೆ ಇರಲಿಲ್ಲ, ಬೇರೆ ತೊಂದರೆ ಇತ್ತು: ರಾಷ್ಟ್ರೀಯ ಭೂತ. ಎರೆ ಹೊಲದಲ್ಲಿ ಬೆಳಗಿನ ಮಬ್ಬಿನಲ್ಲಿ ಸೊಂಟದೆತ್ತರಕ್ಕೆ ಅಲುಗಾಡದೆ ನಿಂತಿದ್ದನ್ನು ಕಂಡವರು ಭೂತ ಅಂದಿರಬೇಕು. ಆಗ ಅದು ಅಡ್ಡಹೆಸರು. ಈಗ ನಿಜಕ್ಕೂ ಭೂತಕಾಲವೇ ಆಗಿದೆ. ದೊರವಾಯನ ಹಕ್ಕಿ ಎಂಬ ಹೆಸರಿನಲ್ಲಿ ದೊರೆಯ ಸದ್ದಾದರೂ ಇತ್ತು. ದೊರೆಗಳು, ದೊರೆಗಳ ಮೇಲಿನ ದೊರೆಗಳು ಇದನ್ನು ಹೊಡೆದು ತಿಂದದ್ದಕ್ಕೆ ಲೆಕ್ಕವಿದೆ. ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಸಾಹೇಬ ಅಹಮದ್‌ನಗರ ಪ್ರಾಂತ್ಯದಲ್ಲಿ 1809ರಿಂದ 1829ರೊಳಗೆ 961 ಎರೆಭೂತ ಹೊಡೆದ. ಅವನು ಹೊಡೆದು ಬರೆದಿಟ್ಟ. ನಾವು ಹೊಡೆಯದೆಯೇ, ಬರೆಯದೆಯೇ ಅವನನ್ನು ಮೀರಿಸಿದೆವು.

ನಮ್ಮ ಜಿಲ್ಲೆಗೆ ವಾಪಸು ಬರೋಣ, ಇಲ್ಲಿ ಇನ್ನೊಂದು ತಮಾಷೆಯಿದೆ. ಶನಿವಾರ ಬೆಳಿಗ್ಗೆ ಚಿಕ್ಕಮಗಳೂರಿನ ಕೈಮರದಲ್ಲಿ ನಿಂತು ನೋಡಿ. ಬೆಂಗಳೂರಿನ ಕಾರುಗಳು ಸಾಲುಗಟ್ಟಿ ಮುಳ್ಳಯ್ಯನಗಿರಿಗೆ ಹತ್ತುತ್ತವೆ. ಯಾತಕ್ಕೆ? ಹುಲ್ಲು ನೋಡಲಿಕ್ಕೆ. ಮೇಲೆ 1,900 ಮೀಟರಿನ ಆಚೆ ಇರುವುದು ಬರೀ ಹುಲ್ಲು. ಅದರ ಮುಂದೆ ಕೈಚಾಚಿ ನಿಂತು ರೀಲ್ಸ್ ಮಾಡುತ್ತಾರೆ, ‘ಸ್ವರ್ಗ’ ಅಂತ ಬರೆದುಕೊಳ್ಳುತ್ತಾರೆ. ಅದೇ ಕಾರು ಗಿರಿ ಇಳಿದು ಸಖರಾಯಪಟ್ಟಣ ದಾಟಿ ಕಡೂರಿನ ಕಡೆ ಬಂದರೆ ಕಿಟಕಿಯಾಚೆ ಅದೇ ಹುಲ್ಲಿನ ಬಡ ಸಂಬಂಧಿ. ‘ಎಷ್ಟು ಜಾಗ ವೇಸ್ಟ್ ಆಗಿ ಬಿದ್ದಿದೆ ನೋಡು ಮಾರಾಯ!’ ಹುಲ್ಲು ಪರಿಸರ ಅನ್ನಿಸಿಕೊಳ್ಳಬೇಕಾದರೆ ಮಂಜು ಬೇಕು, ಎತ್ತರ ಬೇಕು, ಪಕ್ಕದಲ್ಲಿ ಕಾಫಿ ತೋಟದ ಹೋಂಸ್ಟೇ ಬೇಕು. ಬಯಲುಸೀಮೆಯಲ್ಲಿ ಹುಟ್ಟಿದ ಹುಲ್ಲಿಗೆ ಮರ್ಯಾದೆಯಿಲ್ಲ, ಬಯಲುಸೀಮೆಯಲ್ಲಿ ಹುಟ್ಟಿದ ಮನುಷ್ಯರಿಗೆ ಎಷ್ಟಿದೆಯೋ ಅಷ್ಟೇ.

ಹಳೆಯ ಮೈಸೂರಿಗೆ ಈ ಹುಲ್ಲಿನ ಬೆಲೆ ಗೊತ್ತಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ದನಗಳ ಇಲಾಖೆ ‘ಬೆಣ್ಣೆ ಚಾವಡಿ’, ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ದಂಡಿನ ಫಿರಂಗಿ ಎಳೆಯುವ ಎತ್ತುಗಳಿಗೆ ಮೇವು ಬೇಕಿತ್ತಲ್ಲ, ಅದಕ್ಕೆ ಸೀಮೆಯುದ್ದಕ್ಕೂ ಲಕ್ಷಗಟ್ಟಲೆ ಎಕರೆ ಕಾವಲು. ಅದರಲ್ಲೂ ಮಳೆಗಾಲದ ಕಾವಲು ಬೇರೆ, ಚಳಿಗಾಲದ್ದು ಬೇರೆ, ಬೇಸಿಗೆಯದ್ದು ಬೇರೆ. ಸೇರ್ವೆಗಾರರು ಹಿಂಡನ್ನು ಒಂದರಿಂದ ಇನ್ನೊಂದಕ್ಕೆ ಹೊಡೆದುಕೊಂಡು ಹೋಗುವರು. ಮೇಯ್ದ ಕಾವಲಿನಲ್ಲಿ ಹುಲ್ಲು ಗಿಡ್ಡ, ಬಿಟ್ಟ ಕಾವಲಿನಲ್ಲಿ ಮೊಣಕಾಲೆತ್ತರ. ಎರೆಭೂತಕ್ಕೂ ಬೇಕಾದದ್ದು ಇದೇ. ಮೇಯಲು, ಗಂಡು ನಿಂತು ‘ಹೂಂ’ ಎನ್ನಲು ಗಿಡ್ಡ ಹುಲ್ಲು. ಮೊಟ್ಟೆ ಇಡಲು, ಬಿಸಿಲಿಗೆ ಮರೆಯಾಗಲು ಎತ್ತರದ ಹುಲ್ಲು. ಪಕ್ಕದ ಹೊಲದಲ್ಲಿ ಜೋಳ, ಶೇಂಗಾ ಇದ್ದರೆ ಇನ್ನೂ ಒಳ್ಳೆಯದು. ಮಿಡತೆ, ಜೀರುಂಡೆ, ಓತಿಕ್ಯಾತ, ಬೋರೆಹಣ್ಣು ಎಲ್ಲ ಅದರ ಊಟ. ಹಕ್ಕಿಗಾಗಿ ಯಾರೂ ಏನೂ ಮಾಡಲಿಲ್ಲ, ಎತ್ತಿಗಾಗಿ ಮಾಡಿದ್ದು ಹಕ್ಕಿಗೂ ಆಯಿತು.

ಫಿರಂಗಿ ಹೋಯಿತು, ಟ್ರ್ಯಾಕ್ಟರ್ ಬಂತು, ಕಾವಲಿಗೆ ವಾರಸುದಾರರು ಹುಟ್ಟಿಕೊಂಡರು. ಫಾರಂ 50, ಫಾರಂ 53, ಫಾರಂ 57. ನಮ್ಮ ಕಡೆ ಮಕ್ಕಳಿಗೆ ಮಗ್ಗಿ ಬಾರದಿದ್ದರೂ ಈ ಮೂರು ಸಂಖ್ಯೆ ಬರುತ್ತವೆ. ಅನುಮತಿಯಿಲ್ಲದೆ ಉತ್ತ ಸರ್ಕಾರಿ ನೆಲವನ್ನು ತಮ್ಮ ಹೆಸರಿಗೆ ಮಾಡಿಕೊಡಿ ಎಂದು ಈ ಬಗರ್ ಹುಕುಂ ಅರ್ಜಿ ಹಾಕಿದವರಲ್ಲಿ ತುಂಡು ನೆಲವಿಲ್ಲದ ಬಡವರಿದ್ದಾರೆ, ಅವರ ಬಗ್ಗೆ ಕುಹಕ ಬೇಡ. ಅವರ ಹಿಂದೆ ನಿಂತು ನೂರಾರು ಅಡಿ ಬೋರು ಕೊರೆಸಿ ಅಡಿಕೆ ಹಾಕಿದವರ ಬಗ್ಗೆ ಎಷ್ಟು ಬೇಕಾದರೂ ಮಾಡಬಹುದು. ನೂರು ಜಾನುವಾರಿಗೆ ಮೂವತ್ತು ಎಕರೆ ಗೋಮಾಳ ಇರಬೇಕು ಅಂತ ಭೂಕಂದಾಯ ನಿಯಮದಲ್ಲೇ ಇದೆ. ಜಾನುವಾರು ಗಣತಿಯಲ್ಲಿ ದನ ಕಡಿಮೆಯಾದರೆ ಗೋಮಾಳ ‘ಹೆಚ್ಚುವರಿ’ಯಾಗುತ್ತದೆ. ಗೋಮಾಳ ಕಡಿಮೆಯಾಯಿತೆಂದು ಜನ ದನ ಮಾರುತ್ತಾರೆ, ದನ ಮಾರಿದ್ದರಿಂದ ಗೋಮಾಳ ಹೆಚ್ಚುವರಿಯಾಗುತ್ತದೆ. ಈ ಗಣಿತ ಕಂಡುಹಿಡಿದವರಿಗೆ ಏನಾದರೂ ಪ್ರಶಸ್ತಿ ಕೊಡಬೇಕು.

ಪಕ್ಕದ ಚಿತ್ರದುರ್ಗದವರು ಸಣ್ಣಪುಟ್ಟ ಅರ್ಜಿಗೆ ಕಾಯಲಿಲ್ಲ. ಚಳ್ಳಕೆರೆಯ ಹತ್ತಿರ ಸುಮಾರು ಹತ್ತು ಸಾವಿರ ಎಕರೆ ಅಮೃತ ಮಹಲ್ ಕಾವಲು ರಕ್ಷಣಾ ಸಂಶೋಧನೆಗೆ, ಅಣುವಿಗೆ, ಬಾಹ್ಯಾಕಾಶಕ್ಕೆ, ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಯಿತು. ಕುರಿ ಕಾಯುವವರು ಹಸಿರು ನ್ಯಾಯಮಂಡಳಿಯವರೆಗೆ ಹೋದರು. ಗೋಡೆ ಎದ್ದಿತು. ರಾಣೆಬೆನ್ನೂರಿನ ಕಥೆ ಇನ್ನೂ ಸೊಗಸು: 1974ರಲ್ಲಿ ಕೃಷ್ಣಮೃಗಕ್ಕೆಂದು 119 ಚದರ ಕಿಲೋಮೀಟರಿನ ಅಭಯಾರಣ್ಯ, ಎರೆಭೂತವೂ ಅಲ್ಲಿತ್ತು. ಒಳಗೆ ನೋಡಿದರೆ ನೀಲಗಿರಿ ತೋಪು. ಬಯಲಿನ ಪ್ರಾಣಿಗೆ ತೋಪಿನಲ್ಲಿ ಅಭಯ! ಕೃಷ್ಣಮೃಗ ಹೇಗೋ ಒಗ್ಗಿಕೊಂಡಿತು, ಎರೆಭೂತ ಹೊರಟುಹೋಯಿತು. ನೀಲಗಿರಿ ಬೇಡ ಅಂತ ಸರ್ಕಾರಕ್ಕೆ ಅನ್ನಿಸಿದ್ದು 2017ರಲ್ಲಿ.

ಅತಿಯಾಗಿ ಪ್ರೀತಿಸಿಯೂ ಕೊಲ್ಲಬಹುದು. ಮಹಾರಾಷ್ಟ್ರದವರು 1979ರಲ್ಲಿ ಸೋಲಾಪುರದ ನಾನ್ನಜ್ ಸುತ್ತ ಎರೆಭೂತಕ್ಕಾಗಿ ಅಭಯಾರಣ್ಯ ಬರೆದರು, 8,496 ಚದರ ಕಿಲೋಮೀಟರ್. ನಮ್ಮ ಹಾಸನ ಜಿಲ್ಲೆ ಪೂರ್ತಿ, ಸಕಲೇಶಪುರದಿಂದ ಅರಸೀಕೆರೆವರೆಗೆ ಅಳೆದರೂ ಏಳು ಸಾವಿರ ದಾಟುವುದಿಲ್ಲ. ಊರು, ಪೇಟೆ, ಹೊಲ, ರಸ್ತೆ ಎಲ್ಲ ಅಭಯಾರಣ್ಯದೊಳಗೆ. ಜಮೀನು ಮಾರುವಂತಿಲ್ಲ, ಮನೆ ಕಟ್ಟುವಂತಿಲ್ಲ. ಹಕ್ಕಿಯ ಮುಖ ಕಂಡಿರದ ರೈತನಿಗೂ ಅದರ ಮೇಲೆ ಹಗೆ ಹುಟ್ಟಿತು. ಆಮೇಲೆ 1,222ಕ್ಕೆ ಇಳಿಸಿದರು. ಅಷ್ಟರಲ್ಲಿ ಹಕ್ಕಿಯ ಸಂಖ್ಯೆ ಅದಕ್ಕಿಂತ ಜೋರಾಗಿ ಇಳಿದಿತ್ತು.

ಇನ್ನು ಕರೆಂಟಿನ ತಂತಿ. ಎರೆಭೂತದ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ, ಬಯಲಿನಲ್ಲಿ ಸುತ್ತ ನೋಡಲು ಹೇಳಿ ಮಾಡಿಸಿದ ಹಾಗೆ. ನೇರ ಮುಂದಕ್ಕೆ ಕಾಣುವುದು ಕಡಿಮೆ. ಇದರ ಆಫ್ರಿಕದ ದಾಯಾದಿ ಕೋರಿ ಬಸ್ಟರ್ಡ್ ಹಾರುವಾಗ ತಲೆಯನ್ನು ಇಪ್ಪತ್ತೈದು ಡಿಗ್ರಿಯಷ್ಟು ಬಗ್ಗಿಸಿ ಕೆಳಗೆ ನೋಡಿದರೆ ಸಾಕು, ಮುಂದಿನದು ಪೂರ್ತಿ ಕತ್ತಲು ಎಂದು 2010ರಲ್ಲಿ ಅಳೆದು ತೋರಿಸಿದ್ದಾರೆ. ತಂತಿ ಕಾಣುವ ಹೊತ್ತಿಗೆ ತಿರುಗಿಕೊಳ್ಳಲು ಆಗುವುದಿಲ್ಲ, ಹತ್ತು ಕೆ.ಜಿ. ಮೈ. ಥಾರ್ ಮರುಭೂಮಿಯಲ್ಲಿ ಹೈಟೆನ್ಷನ್ ತಂತಿಗೆ ಬಡಿದು ವರ್ಷಕ್ಕೆ 18 ಎರೆಭೂತ ಸಾಯುತ್ತವೆ ಎಂದು ಭಾರತೀಯ ವನ್ಯಜೀವಿ ಸಂಸ್ಥೆಯ ಅಂದಾಜು. ನೂರೈವತ್ತರಲ್ಲಿ ಹದಿನೆಂಟು. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ತಂತಿಗಳನ್ನು ನೆಲದಡಿಗೆ ಹಾಕಿ ಎಂದಿತು. ಸರ್ಕಾರ ಆಗುವುದಿಲ್ಲ ಎಂದಿತು: ಸೌರವಿದ್ಯುತ್ತಿಗೆ ತೊಡಕು, ಹವಾಮಾನ ಬದಲಾವಣೆ ತಡೆಯಲು ತೊಡಕು. 2024ರ ಮಾರ್ಚ್‌ನಲ್ಲಿ ಆದೇಶ ಸಡಿಲವಾಯಿತು, ತಜ್ಞರ ಸಮಿತಿ ಬಂತು. ಹವಾಮಾನದ ದುಷ್ಪರಿಣಾಮದಿಂದ ಪಾರಾಗುವುದು ನಾಗರಿಕರ ಹಕ್ಕು ಎಂದು ಕೋರ್ಟು ಮೊದಲ ಬಾರಿಗೆ ಒಪ್ಪಿದ್ದೂ ಇದೇ ತೀರ್ಪಿನಲ್ಲಿ. ಹಕ್ಕು ನಾಗರಿಕರಿಗೆ ಬಂತು, ಹಕ್ಕಿಗೆ ಡೈವರ್ಟರ್ ಬಂತು. ಡೈವರ್ಟರ್ ಎಂದರೆ ತಂತಿಗೆ ನೇತುಹಾಕುವ, ಗಾಳಿಗೆ ತಿರುಗುವ ಹೊಳೆಯುವ ಬಿಲ್ಲೆ. ಜಾತ್ರೆಯ ಗಿರಗಟ್ಲೆ ನೋಡಿದ್ದೀರಲ್ಲ, ಅದರ ಜಾತಿ. ಇದ್ದಷ್ಟು ದಿನ ಅದರಿಂದ ಉಪಯೋಗವೂ ಇದೆ. ಬಿಸಿಲಿಗೆ ಬಣ್ಣ ಹೋದ ಮೇಲೆ, ಕೊಕ್ಕೆ ಸಡಿಲಿ ಉದುರಿದ ಮೇಲೆ ಹತ್ತಿ ಕಟ್ಟುವವರು ಬೇಕು. ಕಟ್ಟುವ ಟೆಂಡರಿನಲ್ಲಿ ಮರಳಿ ಕಟ್ಟುವುದು ಬರೆದಿರಬೇಕು.

ಅದೇ ವರ್ಷ ಅಕ್ಟೋಬರಿನಲ್ಲಿ ಜೈಸಲ್ಮೇರಿನ ಸಂತಾನ ಕೇಂದ್ರದಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಎರೆಭೂತ ಮರಿ ಹುಟ್ಟಿತು. ನಮ್ಮ ದನದ ಆಸ್ಪತ್ರೆಯಲ್ಲಿ ಹಸುವಿಗೆ ಮಾಡಿಸುತ್ತೇವಲ್ಲ, ತತ್ವ ಅದೇ. ಕಷ್ಟ ಮಾತ್ರ ನೂರು ಪಾಲು. ಗಂಡು ಹಕ್ಕಿಯನ್ನು ತಿಂಗಳುಗಟ್ಟಲೆ ಪಳಗಿಸಬೇಕು, ವೀರ್ಯ ಕೆಡದ ಹಾಗೆ ಒಂದು ಕೇಂದ್ರದಿಂದ ಇನ್ನೊಂದಕ್ಕೆ ಓಡಬೇಕು. ಆ ಕೆಲಸ ಮಾಡಿದವರಿಗೆ ವ್ಯಂಗ್ಯವಿಲ್ಲದೆ ಒಂದು ನಮಸ್ಕಾರ. ಮರಿ ದೊಡ್ಡದಾಗುತ್ತದೆ. ಅದರ ಮರಿಗಳೂ ಆಗಲಿ. ಎಲ್ಲಿ ಬಿಡುತ್ತೀರಿ?

ತಮಾಷೆ ಸಾಕು. ಕಾವಲು ಉಳಿಸಬೇಕಾದರೆ ಮಾಡಬೇಕಾದ್ದು ಬಹಳ ಕಡಿಮೆ, ಅದಕ್ಕೇ ಯಾರೂ ಮಾಡುವುದಿಲ್ಲ. ಉಳಬಾರದು, ಅಗೆಯಬಾರದು, ಗಿಡ ನೆಡಬಾರದು. ಸರದಿಯ ಮೇಲೆ ದನ ಕುರಿ ಮೇಯಲಿ. ಬಳ್ಳಾರಿ ಜಾಲಿ, ಲಾಂಟಾನ, ಕಾಂಗ್ರೆಸ್ ಗಿಡ ಬಂದಲ್ಲಿ ಬುಡ ಸಮೇತ ಕೀಳಬೇಕು, ಬರೀ ಸವರಿದರೆ ಎರಡರಷ್ಟು ಚಿಗುರುತ್ತವೆ. ಊರಿನ ಕಸ ಕಾವಲಿನ ಅಂಚಿಗೆ ಸುರಿಯುವುದನ್ನು ನಿಲ್ಲಿಸಬೇಕು. ಕಸದ ಹಿಂದೆ ನಾಯಿ, ನಾಯಿಯ ಹಿಂದೆ ಒಡೆದ ಮೊಟ್ಟೆ. ಇಷ್ಟೇ. ಇದಕ್ಕೆ ಎಸ್ಟಿಮೇಟ್ ಮಾಡಿ ನೋಡೋಣ. ಎಷ್ಟು ಘನ ಮೀಟರ್ ಅಗೆಯಲಿಲ್ಲ ಅಂತ ಕಾಮಗಾರಿಯ ಅಳತೆ ಬರೆಯುವ ಎಂ.ಬಿ. ಪುಸ್ತಕದಲ್ಲಿ ಬರೆಯಲು ಬರುವುದಿಲ್ಲ. ಎಷ್ಟು ಸಸಿ ನೆಡಲಿಲ್ಲ ಅಂತ ಬಿಲ್ ಆಗುವುದಿಲ್ಲ. ಸುಮ್ಮನಿದ್ದುದರ ಉದ್ಘಾಟನೆಗೆ ಯಾವ ಸಾಹೇಬರು ಬರುತ್ತಾರೆ? ಗೊತ್ತಿಲ್ಲದೆ ಮಾಡುವವರ ಮೇಲೆ ಸಿಟ್ಟಿಲ್ಲ. ಗೊತ್ತಿದ್ದವರಿದ್ದಾರೆ, ಹುಲ್ಲುಗಾವಲು ಬೇರೆ, ಕಾಡು ಬೇರೆ ಅಂತ ತರಬೇತಿಯಲ್ಲೇ ಓದಿ ಬಂದವರು. ಅವರೂ ಗುಂಡಿಯ ಪಕ್ಕ ನಿಂತು ಸನಿಕೆ ಹಿಡಿದು ಕ್ಯಾಮೆರಾ ನೋಡುತ್ತಾರೆ. ಅದನ್ನು ನೋಡಿ ನೋಡಿ ಬೈಯುವುದಕ್ಕೂ ಬೇಜಾರಾಗಿದೆ.

ಹಾಗಂತ ಎಲ್ಲ ಮುಗಿದಿಲ್ಲ. ಕಡೂರು ತಾಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದಾರೆ. ಏಳು ಚದರ ಕಿಲೋಮೀಟರ್ ಚಿಲ್ಲರೆ. ಕೃಷ್ಣಮೃಗ ಇದೆ, ತೋಳ ಇದೆ. ಚಳಿಗಾಲಕ್ಕೆ ಮಧ್ಯ ಏಷ್ಯಾದ ಕಡೆಯಿಂದ ಸೆಳೆವಗಳು ಬರುತ್ತವೆ. ಹದ್ದಿನ ಜಾತಿಯವು, ಆದರೂ ರಾತ್ರಿ ಮಲಗುವುದು ಮರದ ಮೇಲಲ್ಲ, ಹುಲ್ಲಿನೊಳಗೆ ನೆಲದ ಮೇಲೆ. ಸಾವಿರಾರು ಮೈಲಿ ಹಾರಿ ಬಂದು ಅವು ಹುಡುಕುವುದು ನಮ್ಮ ಪಹಣಿಯ ಖರಾಬನ್ನು. ಎರೆಭೂತ ಅಲ್ಲಿಗೆ ಬರುತ್ತದೆ ಅಂತ ಯಾರೂ ಹೇಳುತ್ತಿಲ್ಲ. ಏಳು ಚದರ ಕಿಲೋಮೀಟರ್ ಅದಕ್ಕೆ ಅಂಗಳಕ್ಕೂ ಸಾಲದು.

ಒಂದು ವೇಳೆ ಬಂದರೂ ತಾಲೂಕು ಕಚೇರಿ ದಾಟಬೇಕಲ್ಲ. ‘ಏನಮ್ಮ, ಎಷ್ಟು ವರ್ಷದಿಂದ ಸ್ವಾಧೀನದಲ್ಲಿದ್ದೀಯ?’ ‘ನಿಮ್ಮ ಸರ್ವೆ ಬರುವುದಕ್ಕೆ ಮುಂಚಿನಿಂದ, ಸ್ವಾಮಿ.’ ‘ಸಾಗುವಳಿ ಮಾಡಿದ್ದೀಯ?’ ‘ಇಲ್ಲ, ಒಂದು ಮೊಟ್ಟೆ ಇಟ್ಟಿದ್ದೆ.’ ‘ಮೊಟ್ಟೆ ಸಾಗುವಳಿ ಅಲ್ಲಮ್ಮ. ಒಂದು ಕೆಲಸ ಮಾಡು, ಸುತ್ತ ನಾಲ್ಕು ಗಿಡ ನೆಟ್ಟು ಫೋಟೊ ತಗೊಂಡು ಬಾ.’

ಜುಲೈ ಮೊದಲ ವಾರ ವನಮಹೋತ್ಸವ. ಗುಂಡಿ ಆಗಲೇ ತೆಗೆದಾಗಿದೆ.